ನಮ್ಮ ಮಾವ ಬಿಟ್ಟಿ ಮುಟ್ಟುವುದಿಲ್ಲ

ಕೊಪ್ಪಳ ಜಿಲ್ಲೆಯ ಉದ್ದಗಲ ತಿರುಗಿದ್ದೇನೆ, ನಮ್ಮ ಮಾವನಷ್ಟು ಸ್ವಾವಲಂಬಿಯಾದ ಮನುಷ್ಯ ನನಗೆ ಸಿಕ್ಕಿಲ್ಲ. ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯಲ್ಲಿ ಅವರ ಊರು. ಬೆಳಿಗ್ಗೆ ಎಂಟಕ್ಕೆ ಚಾದಂಗಡಿಯ ಬೆಂಚಿನ ಮೇಲೆ ಕುಂತು, ಒಗ್ಗರಣಿ-ಮಿರ್ಚಿ ತರಿಸಿಕೊಂಡು, ಮೊದಲ ಮಿರ್ಚಿ ಮುರಿಯುವ ಮುಂಚೆಯೇ ನಾಡಿನ ಚಿಂತೆ ಶುರುಮಾಡುತ್ತಾರೆ.

"ಸರ್ಕಾರ ಮಂದೀನ ಕೆಡಿಸಿಬಿಡ್ತು ಅಳಿಯಾ. ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು, ಬಿಟ್ಟಿ ಕರೆಂಟು. ದುಡದು ತಿನ್ನೂದ ಮರತಾರ. ನಮ್ಮ ಅಪ್ಪ ಯಾರ ಮುಂದೂ ಕೈ ಒಡ್ಡಲಿಲ್ಲ, ನಾನೂ ಒಡ್ಡಿಲ್ಲ."

ಇದು ಅಕ್ಷರಶಃ ನಿಜ. ಅವರ ಅಪ್ಪ, ಅಂದರೆ ನಮ್ಮ ಅಜ್ಜ, ಸಜ್ಜೆ, ಜೋಳ ಬಿತ್ತಿ ಮುಗಿಲು ನೋಡುತ್ತಿದ್ದ ಕಾಲಕ್ಕೆ, 1945ರಲ್ಲಿ, ಹೈದರಾಬಾದಿನ ನಿಜಾಮ ಸರ್ಕಾರವೂ ಮದ್ರಾಸ್ ಸರ್ಕಾರವೂ ಕೂಡಿ ತುಂಗಭದ್ರೆಗೆ ಅಡ್ಡಕಟ್ಟೆ ಹಾಕಲು ಹೊರಟವು. 1953ರ ಹೊತ್ತಿಗೆ ಮುನಿರಾಬಾದಿನಲ್ಲಿ ನೀರು ನಿಂತಿತು, ಎಡದಂಡೆ ಕಾಲುವೆ ಹರಿಯಿತು, ಆ ಕಾಲುವೆ ನಮ್ಮ ಅಜ್ಜನ ಹೊಲದ ಬದುವಿಗೇ ಬಂತು. ಅಜ್ಜ ಅದಕ್ಕೆ ಅರ್ಜಿ ಕೊಟ್ಟಿರಲಿಲ್ಲ, ಕೈಯಂತೂ ಒಡ್ಡಿರಲಿಲ್ಲ. ತಾನಾಗಿ ಬಂದ ನೀರನ್ನು ಬೇಡವೆನ್ನುವುದು ಸಭ್ಯತೆಯಲ್ಲ ಎಂದು ಸುಮ್ಮನಿದ್ದರು.

ಯೋಜನೆ ಮಾಡಿದವರು ಈ ಭಾಗದ ಬಹಳಷ್ಟು ಜಮೀನಿಗೆ ಕಡಿಮೆ ನೀರಿನ ಬೆಳೆ ಗೊತ್ತುಮಾಡಿದ್ದರು. ಜೋಳ, ಹತ್ತಿ, ಶೇಂಗಾ ಬೆಳೆಯಿರಿ, ನೀರು ದೂರದ ರಾಯಚೂರಿನವರೆಗೆ ಮುಟ್ಟಲಿ ಎಂಬ ಲೆಕ್ಕ. ಸರ್ಕಾರ ರೈತನ ಹೊಲದೊಳಗೆ ಮೂಗು ತೂರಿಸಬಾರದು ಎಂಬ ತತ್ತ್ವಕ್ಕೆ ಮಾವನ ಮನೆತನ ಅಂದಿನಿಂದಲೂ ಬದ್ಧ. ಹಾಗಾಗಿ ವರ್ಷಕ್ಕೆ ಎರಡು ಬೆಳೆ ಭತ್ತ. ಕಾಲುವೆಗೆ ಪೈಪು ಇಳಿಬಿಡಬೇಡಿ ಎಂದು ಅಧಿಕಾರಿಗಳು ನಿಷೇಧಾಜ್ಞೆ ಹೊರಡಿಸಿದಾಗ ಮಾವ ಕಾನೂನಿಗೆ ಗೌರವ ಕೊಟ್ಟು ಹಗಲು ಹೊತ್ತು ಇಳಿಬಿಡುವುದಿಲ್ಲ. ಕೊನೆಯ ಭಾಗದ ಮಾನ್ವಿ, ಸಿರವಾರದ ರೈತರು ನೀರಿಗಾಗಿ ರಸ್ತೆ ತಡೆದರೆಂದು ಪೇಪರಿನಲ್ಲಿ ಬಂದಾಗ, "ಎಲ್ಲಾದಕ್ಕೂ ಸರ್ಕಾರದ ಕಡೀನ ನೋಡ್ತಾರ" ಎಂದು ಮರುಗುತ್ತಾರೆ.

ಮಾವನ ದೊಡ್ಡ ಕೊಡುಗೆ ಇರುವುದು ಭಾಷೆಯಲ್ಲಿ. ಕನ್ನಡದ ಯಾವ ನಿಘಂಟುಕಾರರೂ 'ಬಿಟ್ಟಿ' ಎಂಬ ಪದವನ್ನು ಇಷ್ಟು ಖಚಿತವಾಗಿ ಬಿಡಿಸಿಟ್ಟಿಲ್ಲ. ಪಂಪ್‌ಸೆಟ್ಟಿಗೆ 10 ಎಚ್.ಪಿ.ವರೆಗೆ ಬರುವ ಕರೆಂಟು ಬಿಟ್ಟಿಯಲ್ಲ, ಅದು 'ರೈತನ ಹಕ್ಕು'. 45 ಕೆಜಿಯ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುವುದು, ಉಳಿದ ಹಲವು ಪಟ್ಟು ಹಣವನ್ನು ಕೇಂದ್ರ ಸರ್ಕಾರ ಕಂಪನಿಗೆ ಕಟ್ಟುವುದು ಬಿಟ್ಟಿಯಲ್ಲ, ಅದು 'ರೇಟು'. 2018ರ ಸಾಲಮನ್ನಾ ಬಿಟ್ಟಿಯಲ್ಲ, ಅದು 'ಮನ್ನಾ'. ಪಿಎಂ ಕಿಸಾನ್ ಎಂದು ನಾಲ್ಕು ತಿಂಗಳಿಗೊಮ್ಮೆ ಖಾತೆಗೆ ಬೀಳುವ 2,000 ರೂಪಾಯಿ ಬಿಟ್ಟಿಯಾಗುವುದು ಸಾಧ್ಯವೇ ಇಲ್ಲ, ಯಾಕೆಂದರೆ ಯೋಜನೆಯ ಹೆಸರಿನಲ್ಲೇ 'ಸಮ್ಮಾನ್' ಇದೆ. ಹೆಣ್ಣುಮಕ್ಕಳ ಖಾತೆಗೆ ತಿಂಗಳಿಗೊಮ್ಮೆ ಬೀಳುವ ಅಷ್ಟೇ 2,000 ಮಾತ್ರ ಬಿಟ್ಟಿ. ಅಲ್ಲಿ ಹೆಸರು ಬರೀ 'ಗೃಹಲಕ್ಷ್ಮಿ', ಸಮ್ಮಾನದ ಸುದ್ದಿಯಿಲ್ಲ.

ಮನೆಯ ಕರೆಂಟ್ ಬಿಲ್ಲು 2023ರ ಆಗಸ್ಟಿನಿಂದ ಸೊನ್ನೆ ಬರುತ್ತಿದೆ. ಗೃಹಜ್ಯೋತಿ ಶುರುವಾದದ್ದೂ ಅದೇ ತಿಂಗಳು. ಎರಡಕ್ಕೂ ಸಂಬಂಧವಿದೆಯೇನೋ ಎಂದು ಒಮ್ಮೆ ಕೇಳಿದೆ. "ನಾವು ಕರೆಂಟ್ ಹಿಡದು ಬಳಸ್ತೀವಿ" ಎಂದರು. ಆಗ ಪಡಸಾಲೆಯಲ್ಲಿ ಎರಡು ಫ್ಯಾನು ಯಾರೂ ಇಲ್ಲದ ಕುರ್ಚಿಗಳಿಗೆ ಗಾಳಿ ಹಾಕುತ್ತಿದ್ದವು.

ಇನ್ನು ತೆರಿಗೆಯ ಮಾತು. "ನಮ್ಮ ಟ್ಯಾಕ್ಸಿನ ರೊಕ್ಕ ಹಿಂಗ ಹಾಳಾಗಾಕತ್ತೈತಿ" ಎನ್ನುವಾಗ ಮಾವನ ದನಿ ಗದ್ಗದವಾಗುತ್ತದೆ. ಈ ದೇಶದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ, ಮಾವ ಹುಟ್ಟಿದಾಗಿನಿಂದ ಒಂದು ರೂಪಾಯಿ ಆದಾಯ ತೆರಿಗೆ ಕಟ್ಟಿದವರಲ್ಲ. ಆದರೂ ಕಟ್ಟಿದವರ ಸಂಕಟವನ್ನು ತಮ್ಮದೇ ಎಂಬಂತೆ ಅನುಭವಿಸುತ್ತಾರೆ. ಬೆಂಕಿಪೆಟ್ಟಿಗೆ ಕೊಳ್ಳುವ ನಾಟಿ ಹಚ್ಚುವ ಹೆಂಗಸೂ ಜಿಎಸ್‌ಟಿ ಕಟ್ಟುತ್ತಾಳೆ, ಆದರೆ ಅವಳಿಗೆ ಈ ಸಂಕಟ ಬರುವುದಿಲ್ಲ. ಅದಕ್ಕೆ ಸಂಸ್ಕಾರ ಬೇಕು.

ಆ ಸಂಸ್ಕಾರ ಮಗನಿಗೂ ಇಳಿದಿದೆ. 2012ರಲ್ಲಿ ಸಂಸತ್ತು ಒಪ್ಪಿದ 371ಜೆ ವಿಧಿಯಿಂದ ನಮ್ಮ ಭಾಗದವರಿಗೆ ರಾಜ್ಯಮಟ್ಟದ ಕಾಲೇಜುಗಳಲ್ಲಿ ಶೇ 8 ಸೀಟು ಮೀಸಲು. ಆ ಸರ್ಟಿಫಿಕೇಟಿಗಾಗಿ ಮಾವ ತಹಶೀಲ್ದಾರ್ ಕಚೇರಿಗೆ ಎಂಟು ಸಲ ಅಲೆದರು. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಅಲ್ಲೇ ಕೆಲಸ ಹಿಡಿದಿದ್ದಾನೆ. ಪ್ರತಿಭೆಗೆ ಬೆಲೆಯಿಲ್ಲದ, ಮೀಸಲಾತಿಯಿಂದ ಹಾಳಾದ ಈ ದೇಶದ ಬಗ್ಗೆ ದಿನಾ ಬೆಳಿಗ್ಗೆ ಅಪ್ಪನಿಗೆ ವಾಟ್ಸ್‌ಆ್ಯಪ್ ಕಳಿಸುತ್ತಾನೆ. ಚಾದಂಗಡಿಯಲ್ಲಿ ಅದನ್ನು ಜೋರಾಗಿ ಓದಿ ಹೇಳುವುದು ನನ್ನ ಪಾಲಿನ ಸೇವೆ.

ಬಡವರ ಬಗ್ಗೆ ಮಾವನಿಗೆ ಕಾಳಜಿ ಇಲ್ಲವೆಂದು ಯಾರೂ ತಿಳಿಯಬಾರದು. ಕುಷ್ಟಗಿ, ಯಲಬುರ್ಗಾ ಕಡೆಯ ಖುಷ್ಕಿ ಊರುಗಳ ಹೆಂಗಸರು ನಾಟಿ ಹಚ್ಚಲು ಟೆಂಪೋ ತುಂಬಿ ಬರುತ್ತಾರೆ. ಅಲ್ಲಿ ಮಳೆ ಕೈಕೊಟ್ಟರೆ ಗುಳೆ, ಇಲ್ಲವೇ ಗಂಗಾವತಿಯ ಕೆಸರುಗದ್ದೆ. ನಡುವೆ ಉದ್ಯೋಗ ಖಾತ್ರಿ ಬಂತು. ಕೆರೆ ಹೂಳೆತ್ತಿದರೆ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ, 2025–26ರಲ್ಲಿ ದಿನಕ್ಕೆ 370 ರೂಪಾಯಿ. ಇದನ್ನು ಕೇಳಿದ ದಿನ ಮಾವ ಎರಡನೇ ಮಿರ್ಚಿ ಮುಟ್ಟಲಿಲ್ಲ.

"ಈಗ ರೇಟ್ ಮಾತಾಡ್ತಾರ ಅಳಿಯಾ. ಮೊದಲು 'ಧಣ್ಯಾರ, ನೀವು ಕೊಟ್ಟಷ್ಟು' ಅಂತಿದ್ರು. ಎಷ್ಟ ಚಲೋ ಮನಸಿನ ಮಂದಿ ಇದ್ರು!"

ದುಡ್ಡು ಮನುಷ್ಯನ ಗುಣ ಕೆಡಿಸುತ್ತದೆ ಎಂಬುದು ಅವರ ನಂಬಿಕೆ. ಅದಕ್ಕೇ ಆ ಹೆಂಗಸರ ಗುಣ ಕೆಡದಂತೆ ಎಷ್ಟು ಬೇಕೋ ಅಷ್ಟೇ ಕೂಲಿ ಕೊಟ್ಟು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದರು. ತಮ್ಮ ಗುಣದ ಮಟ್ಟಿಗೆ ಮಾತ್ರ ಆ ಅಪಾಯವನ್ನು ಧೈರ್ಯವಾಗಿ ಎದುರಿಸುತ್ತಾರೆ.

ಯಲಬುರ್ಗಾದಲ್ಲಿರುವ ಅತ್ತಿಯ ಅಣ್ಣ ಕೃಷ್ಣೆಯ ನೀರು ಏತ ನೀರಾವರಿಯಲ್ಲಿ ಹತ್ತಿ ಬರುತ್ತದೆಂದು ಕಾದು ತಲೆ ಬೆಳ್ಳಗಾಗಿದ್ದಾನೆ. ಮಾವ ಅವನಿಗೂ ಬುದ್ಧಿ ಹೇಳುತ್ತಾರೆ. ನೀರು ಬಂದರೆ ಆಲಸಿಯಾಗುತ್ತೀ, ಈಗಿನ ಹಾಗೆ ಗಟ್ಟಿಯಾಗಿರು ಎಂದು.

ಸರ್ಕಾರ ಎಲ್ಲಿ ಕಾಲಿಡಬಾರದು ಎಂಬುದರ ಬಗ್ಗೆಯೂ ಮಾವನದು ಸ್ಪಷ್ಟ ನಿಲುವು. 2002ರಲ್ಲಿ ನಮ್ಮದೂ ಸೇರಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾದಾಗ, ಶಾಲೆಯಲ್ಲಿ ಉಂಡ ಮಕ್ಕಳಿಗೆ ಅಕ್ಷರ ಹತ್ತುವುದಿಲ್ಲ ಎಂದಿದ್ದರು. 2021ರಲ್ಲಿ ಅಪೌಷ್ಟಿಕತೆ ಹೆಚ್ಚಿರುವ ನಮ್ಮ ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ, ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ವಿರೋಧಿಸುವವರ ಮಠಕ್ಕೇ ಬಂದು ಮೊಟ್ಟೆ ತಿನ್ನುತ್ತೇವೆ ಎಂದದ್ದು ನಾಡೆಲ್ಲ ಹರಿದಾಡಿತು. ಮಾವ ವಿಡಿಯೊ ಎರಡು ಸಲ ನೋಡಿ, "ಇಷ್ಟು ಮಾತು ಕಲಿಸಿದ್ದು ಆ ತತ್ತೀನ" ಎಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಪುಟ್ಟ ದಲಿತ ಮಗುವೊಂದು ಹನುಮಪ್ಪನ ಗುಡಿಯೊಳಗೆ ಓಡಿಹೋಯಿತೆಂದು, ಶುದ್ಧಿ ಮಾಡಿಸಲು ಅಪ್ಪನ ಮೇಲೆ ದಂಡ ಹೊರಿಸಿದರು. ಪೊಲೀಸರು ಬಂದರು, ಅಧಿಕಾರಿಗಳು ಬಂದರು. "ಊರಾಗಿನ ಮಾತು ಊರಾಗ ಮುಗೀಬೇಕು, ಇದರಾಗ ಸರ್ಕಾರಕ್ಕೇನು ಕೆಲಸ?" ಎಂದು ಮಾವ ನೊಂದುಕೊಂಡರು. ಗುಡಿಯ ಜೀರ್ಣೋದ್ಧಾರಕ್ಕೆ ಅನುದಾನ ಕೇಳುವ ಅರ್ಜಿಗೆ ಮರುವಾರ ಸಹಿ ಹಾಕಿದರು. ಅದು ಬೇರೆ ಊರಿನ ಗುಡಿ, ಮಾತೂ ಬೇರೆ.

2024ರ ಆಗಸ್ಟ್ 10ರ ರಾತ್ರಿಯನ್ನು ಮಾತ್ರ ನಾನು ಮರೆಯಲಾರೆ. ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುದ್ದಿ ಮುಟ್ಟಿದ್ದೇ ತಡ ಮಾವ ಬನಿಯನ್ನಿನ ಮೇಲೇ ಬೀದಿಗೆ ಬಂದರು.

"ಸರ್ಕಾರ ಎಲ್ಲಿ ಸತ್ತೈತಿ? ಮುಖ್ಯಮಂತ್ರಿ ಯಾಕಿನ್ನ ಬಂದಿಲ್ಲ? ಡಿಸಿ ಏನ್ ಮಲಗ್ಯಾನ?"

ಸ್ವಾವಲಂಬಿಗಳಾದ ನಾವೇ ಊರವರು ಸೇರಿ ಒಂದು ಗೇಟು ಕೂಡಿಸೋಣವೇ ಎಂದು ಕೇಳಬೇಕೆಂದಿದ್ದೆ, ಸಮಯ ಸರಿಯಿಲ್ಲವೆಂದು ಸುಮ್ಮನಾದೆ. ವಾರದೊಳಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿತು. ಭತ್ತ ಉಳಿಯಿತು. ಮಾರನೆಯ ದಿನ ಚಾದಂಗಡಿಯಲ್ಲಿ ಮಾವ ಎಂದಿನಂತೆ ಹೇಳಿದರು: "ಒಂದು ಸರಪಳಿ ನೋಡಿಕೊಳ್ಳಾಕ ಆಗೂದಿಲ್ಲ, ಇವ್ರಿಗೆ ಸರ್ಕಾರ ಯಾಕ ಬೇಕು?"

ಮನೆಯೊಳಗಿನ ಕಷ್ಟ ಹೊರಗೆ ಯಾರಿಗೂ ಗೊತ್ತಿಲ್ಲ. 2023ರ ಜೂನ್ 11ಕ್ಕೆ ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾದ ಮೇಲೆ ಅತ್ತಿ ಪ್ರತಿ ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹೋಗುತ್ತಾಳೆ. ಅತ್ತಿತ್ತ ಒಂದು ದಿನ ಬಿಡುವು ಸಿಕ್ಕರೆ ಯಲಬುರ್ಗಾಕ್ಕೆ, ತವರಿಗೆ. ನಲವತ್ತು ವರ್ಷದ ಸಂಸಾರದಲ್ಲಿ ಮಾವ ಒಮ್ಮೆಯೂ ಸಾರು ತಾವಾಗಿ ಕಾಯಿಸಿಕೊಂಡವರಲ್ಲ. ಈಗ ತಿಂಗಳಿಗೆ ಎರಡು ಸಲ ಗ್ಯಾಸ್ ಹಚ್ಚಬೇಕಾಗಿದೆ. ಸ್ವಾವಲಂಬನೆ ಈ ಮಟ್ಟಕ್ಕೆ ಬರುತ್ತದೆಂದು ಅವರು ಎಣಿಸಿರಲಿಲ್ಲ.

ಕಳೆದ ವಾರ ಕರೆಸಿಕೊಂಡು, ಹಾಳೆ-ಪೆನ್ನು ಮುಂದಿಟ್ಟು, ಮುಖ್ಯಮಂತ್ರಿಗೆ ಒಂದು ಅರ್ಜಿ ಬರಿ ಎಂದರು. ಬಿಟ್ಟಿ ಯೋಜನೆಗಳಿಂದ ನಾಡು ದಿವಾಳಿಯಾಗುತ್ತಿದೆ, ಜನ ಸೋಮಾರಿಗಳಾಗುತ್ತಿದ್ದಾರೆ, ಕೂಡಲೇ ನಿಲ್ಲಿಸಬೇಕು. ಒಂದೂವರೆ ಪುಟವಾಯಿತು. ಭಾಷೆ ಉಜ್ವಲವಾಗಿತ್ತು. ಸಹಿ ಹಾಕಲು ಪೆನ್ನು ಇಸಿದುಕೊಂಡವರು ಒಳಗೆ ತಿರುಗಿ ಕೇಳಿದರು, "ಏ ಇಕಿನ, ನಿನ್ನ ರೊಕ್ಕ ಬಂತೇನು?"

ಅಡುಗೆಮನೆಯಿಂದ ಅತ್ತಿ, "ಎರಡ ತಿಂಗಳದ್ದು ಬಂದಿಲ್ಲ ನೋಡ್ರಿ" ಎಂದಳು. ಆದಾಯ ತೆರಿಗೆ ಕಟ್ಟುವ ಮನೆಯ ಯಜಮಾನಿಗೆ ಗೃಹಲಕ್ಷ್ಮಿ ಕೊಡುವುದಿಲ್ಲವೆಂದು ನಿಯಮವಿದೆ. ಅತ್ತಿಗೆ ಆ ತೊಡಕು ಬಂದಿರಲಿಲ್ಲ.

ಮಾವನ ಮುಖ ಕೆಂಪೇರಿತು. "ಕೊಡ್ತೀನಂದದ್ದು ವ್ಯಾಳ್ಯಾಕ್ಕ ಕೊಡಬೇಕಿಲ್ಲ? ಬರಿ ಅಳಿಯಾ, ಅದನ್ನೂ ಬರಿ."

ಬೇರೆ ಹಾಳೆ ತೆಗೆದುಕೊಳ್ಳಲು ಹೋದೆ. ಅವರು ಕೈ ಹಿಡಿದರು.

"ಅದರಾಗ ಅರ್ಧ ಪುಟ ಉಳದೈತಲ್ಲ, ಅಲ್ಲೇ ಬರಿ. ಹಾಳಿ ಸುಮ್ನ ಯಾಕ ದಂಡ?"