ಧಾವನದಾನ ಮೀಮಾಂಸೆ

ಸಮಕಾಲೀನ ಮಹಾನಗರದ ಕರುಣಾ ಸಂಕಥನವನ್ನು ದೈಹಿಕ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಗೊಳಿಸುವ ಪ್ರಸ್ತುತ ಪ್ರಬಂಧವು ‘ಧಾವನದಾನ’ವನ್ನು ಹೀಗೆ ನಿರ್ವಚಿಸುತ್ತದೆ: ಒಬ್ಬನ ಬೆವರು, ಇನ್ನೊಬ್ಬನ ಹಣ, ಮತ್ತೊಬ್ಬನ ಹಸಿವು ಇವುಗಳ ತ್ರಿಕೋನಾತ್ಮಕ ಮುಖಾಮುಖಿಯಲ್ಲಿ ಮೊದಲನೆಯವನಿಗೆ ಮಾತ್ರ ಪದಕ ಪ್ರಾಪ್ತವಾಗುವ ಪ್ರಕ್ರಿಯೆ.

ಪೂರ್ವಪಕ್ಷ: ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬುದು ಹಿರಿಯರ ಮತ. ಸಿದ್ಧಾಂತ: ಸದರಿ ಮತ ಕೈಗಳಿಗಷ್ಟೇ ಅನ್ವಯ, ಕಾಲಿನ ಬಗ್ಗೆ ಹಿರಿಯರು ಏನೂ ಹೇಳಿಲ್ಲ. ಆದ್ದರಿಂದ ಕಾಲಿನಿಂದ ಕೊಟ್ಟದ್ದು ಆಫೀಸಿನ, ಅಪಾರ್ಟ್‌ಮೆಂಟಿನ, ಬೀಗರ ಕಡೆಯ ಸಮಸ್ತ ವಾಟ್ಸಾಪ್ ಗುಂಪುಗಳಿಗೂ ತಿಳಿಯತಕ್ಕದ್ದು.

ಪ್ರಮಾಣ ವಿಚಾರ: ಮ್ಯಾರಥಾನ್ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟ ಓಟ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಎದುರಿಗೇ ಮುಗಿಯುವಂತೆ ಗೆರೆ ಎಳೆದರು. 1921ರಲ್ಲಿ ಆ ಅಳತೆಯೇ ಕಾಯಂ ಆಯಿತು. ಕೂತು ನೋಡುವವರ ಅನುಕೂಲಕ್ಕೆ ಓಡುವವನ ದಾರಿ ಎಂಬ ತತ್ತ್ವ ಹೀಗೆ ಬೀಜಾವಸ್ಥೆಯಲ್ಲೇ ಸಿದ್ಧ.

ಧಾವಕರಲ್ಲಿ ಐದು ಪ್ರಭೇದ. ಮೊದಲನೆಯವನು ಸಂಕಲ್ಪಧಾವಕ. ಭಾನುವಾರ ನಸುಕಿಗೇ ಕಬ್ಬನ್ ಪಾರ್ಕಿನಲ್ಲಿ ಪ್ರತ್ಯಕ್ಷನಾಗುತ್ತಾನೆ. ಸಿಗ್ನಲ್ಲಿನಲ್ಲಿ ವಾಚು ನಿಲ್ಲಿಸಿ, ಹಸಿರು ಬರುವ ತನಕ ನಿಂತಲ್ಲೇ ಕುಣಿಯುತ್ತಾನೆ. ಆಮೇಲೆ ದರ್ಶಿನಿಯಲ್ಲಿ ಒಂದು ಸೆಟ್ ದೋಸೆ, ಒಂದು ಪ್ಲೇಟ್ ಖಾರಾಬಾತ್, ಮೇಲೊಂದು ಕೇಸರಿಬಾತ್. ಇದಕ್ಕೆ ಶಾಸ್ತ್ರದಲ್ಲಿ ಕಾರ್ಬ್ ಲೋಡಿಂಗ್ ಎಂಬ ಸಂಜ್ಞೆಯಿದೆ. ಎರಡನೆಯವನು ಆಜ್ಞಾಧಾವಕ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲು ಹೇಳಿತು. ನೌಕರನ ಮಂಡಿಯನ್ನು ಸೇರಿಸಿಕೊಂಡದ್ದು ಎಚ್‌ಆರ್ ವ್ಯಾಖ್ಯಾನಕಾರರು. ಮೂರನೆಯವನು ಸೆಲ್ಫಿಧಾವಕ. ನಾಲ್ಕು, ಐದು ಹಾಳಾಗಿ ಹೋಗಲಿ.

ಯಾಕೆಂದರೆ ಮೊನ್ನೆ ಒಬ್ಬ ಧಾವಕ ಕಳಿಸಿದ ದೇಣಿಗೆಯ ವಿನಂತಿ ನನ್ನ ಫೋನಿನಲ್ಲಿದೆ. ಎಡ ಮೊಣಕಾಲಿನ ನೋವಿಗೆ ಒಂದು ಪ್ಯಾರಾ, ಸಕ್ಕರೆ ಬಿಟ್ಟ ತ್ಯಾಗಕ್ಕೆ ಒಂದು, ಬೆಳಿಗ್ಗೆ ನಾಲ್ಕಕ್ಕೆ ಏಳುವ ತಪಸ್ಸಿಗೆ ಎರಡು. ಯಾರಿಗಾಗಿ ಈ ಓಟವೋ ಅವರು ಕೊನೆಗೆ ‘ಬಡ ಮಕ್ಕಳು’ ಅಂತ ಬಂದು ಹೋಗುತ್ತಾರೆ. ಕೆಳಗೆ ಲಿಂಕು, 80ಜಿ ತೆರಿಗೆ ರಿಯಾಯಿತಿಯ ಭರವಸೆ. ಆ ಮಕ್ಕಳು ಯಾವ ಊರಿನವರಪ್ಪಾ, ಅವರಿಗೆ ಏನು ಬೇಕಾಗಿದೆ ಎಂದು ಕೇಳಿದೆ. “ಅದೆಲ್ಲಾ ಎನ್‌ಜಿಒದವರಿಗೆ ಗೊತ್ತಿರುತ್ತೆ ಸರ್” ಅಂದ. ತನ್ನ ಮಂಡಿಯ ಎಂಆರ್‌ಐ ಚಿತ್ರವನ್ನು ನನಗೆ ಕಳಿಸಿಕೊಟ್ಟ ಮಹಾನುಭಾವ ಇವನು! ಒಂದು ಮಗುವಿನ ಹೆಸರು ಕೇಳಿ ತಿಳಿದುಕೊಳ್ಳಲು ಎಷ್ಟು ಕಿಲೋಮೀಟರ್ ಓಡಬೇಕಿತ್ತು?

ಟೆರಿ ಫಾಕ್ಸ್ ಕೂಡ ಓಡಿದ. ಕ್ಯಾನ್ಸರಿಗೆ ಬಲಗಾಲು ಕೊಟ್ಟ ಕೆನಡಾದ ಹುಡುಗ. 1980ರ ಏಪ್ರಿಲ್‌ನಲ್ಲಿ ದೇಶದ ಪೂರ್ವದ ತುದಿಯಿಂದ ಹೊರಟು, ಕೃತಕ ಕಾಲಿನಲ್ಲಿ, ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಂತೆ 143 ದಿನ, 5,373 ಕಿಲೋಮೀಟರ್. ಕೇಳಿದ್ದು ತಲೆಗೆ ಒಂದು ಡಾಲರ್, ಕ್ಯಾನ್ಸರ್ ಸಂಶೋಧನೆಗೆ. ನೆರವು ಕೋರಿ ಅವನೂ ಒಂದು ಪತ್ರ ಬರೆದಿದ್ದ. ಆಸ್ಪತ್ರೆಯಲ್ಲಿ ಕಂಡ ಬೇರೆ ರೋಗಿಗಳ ಮುಖಗಳು ಅದರಲ್ಲಿವೆ. ರೋಗ ಶ್ವಾಸಕೋಶಕ್ಕೆ ಹಬ್ಬಿತು, ಓಟ ನಿಂತಿತು. ಮರುವರ್ಷ ತೀರಿಕೊಂಡ, ಇಪ್ಪತ್ತೆರಡಕ್ಕೇ. ಅವನನ್ನು ಯಾವ ಪ್ರಭೇದಕ್ಕೆ ಸೇರಿಸುವುದು? ಅವನ ಹೆಸರೆತ್ತಿದ ಮೇಲೆ ಈ ಮೀಮಾಂಸೆಯ ಭಾಷೆ ನನಗೇ ವಾಕರಿಕೆ ತರಿಸುತ್ತಿದೆ.

ಕೊನೆಗೆ ಆ ವಿನಂತಿಯ ಲಿಂಕು ಬಿಟ್ಟು ಎನ್‌ಜಿಒದ ಖಾತೆಗೇ ನೇರವಾಗಿ ಹಣ ಹಾಕಿದೆ. ಮರುದಿನ ನಮ್ಮ ಧಾವಕನ ಮೆಸೇಜು: “ಸರ್, ನನ್ನ ಪೇಜಿನಲ್ಲಿ ತೋರಿಸ್ತಾ ಇಲ್ಲ. ವಾಪಸ್ ತಗೊಂಡು ನನ್ನ ಲಿಂಕಿನಲ್ಲಿ ಹಾಕೋಕಾಗುತ್ತಾ?”