ಬರೆಯಬಹುದು, ಮಾತಾಡುವಂತಿಲ್ಲ

ಯುಎಇಯಲ್ಲಿ ಮೊಬೈಲ್ ಸೇವೆಗೆ ಎರಡು ದೊಡ್ಡ ಕಂಪನಿಗಳಿವೆ: 1976ರಲ್ಲಿ ಹುಟ್ಟಿದ ಎತಿಸಲಾತ್, 2007ರಲ್ಲಿ ಸೇವೆ ಶುರುಮಾಡಿದ ಡು. ಎರಡರಲ್ಲೂ ಸರ್ಕಾರದ ಪಾಲಿದೆ. ಮೂರನೆಯದಾಗಿ ಕಾಣುವ ವರ್ಜಿನ್ ಮೊಬೈಲ್ ಡು ಮನೆಯದೇ ಕೂಸು. ಆಯ್ಕೆಗೆ ಕೊರತೆಯಿಲ್ಲ ಎನ್ನಲು ಇಷ್ಟು ಸಾಕು.

ಮಂಗಳೂರಿನಿಂದ ದುಬೈಗೆ ಹೊಸದಾಗಿ ಬಂದ ಗಿರಾಕಿಗೂ ಅಂಗಡಿಯವನಿಗೂ ನಡೆಯುವ ಸಂಭಾಷಣೆಯ ಮಾದರಿ ಹೀಗಿದೆ:

"ಪ್ರೀಪೇಯ್ಡ್ ಸಿಮ್ ಬೇಕಿತ್ತು."

"ಎಮಿರೇಟ್ಸ್ ಐಡಿ ಕೊಡಿ."

"ಇನ್ನೂ ಕೈಗೆ ಬಂದಿಲ್ಲ."

"ಹಾಗಾದರೆ ಪಾಸ್‌ಪೋರ್ಟ್ ಕೊಡಿ, ಪ್ರವಾಸಿ ಸಿಮ್ ಇದೆ."

"ನಾನು ದುಡಿಯಲು ಬಂದವನು ಮಾರಾಯ್ರೆ!"

"ಐಡಿ ಬರುವವರೆಗೆ ಪ್ರವಾಸಿಯೇ."

"ವಾಟ್ಸಾಪ್‌ನಲ್ಲಿ ಅಮ್ಮನ ಹತ್ತಿರ ಮಾತಾಡಬಹುದಲ್ಲ?"

"ಧಾರಾಳವಾಗಿ ಬರೆಯಬಹುದು. ಕಾಲ್ ಹೋಗುವುದಿಲ್ಲ. ಬೇಕಿದ್ದರೆ ಬೋಟಿಮ್ ಆ್ಯಪ್ ಇದೆ, ಅದಕ್ಕೆ ಅನುಮತಿಯುಂಟು."

"ವಿಪಿಎನ್ ಹಾಕಿದರೆ?"

"ಅಪರಾಧಕ್ಕಾಗಿ ಬಳಸಿದರೆ ದಂಡ 5 ಲಕ್ಷ ದಿರ್ಹಮ್‌ನಿಂದ ಶುರು. ರೀಚಾರ್ಜ್ ಎಷ್ಟರದ್ದು ಮಾಡಲಿ?"

ಇಂಟರ್ನೆಟ್ ಕರೆಗೆಂದೇ ಬೇರೆ ಪ್ಯಾಕ್ ಮಾರುವ ಜಾಣತನವೂ ಅಲ್ಲಿ ಹೊಸದಲ್ಲ. ಡೇಟಾಕ್ಕೆ ಒಂದು ದುಡ್ಡು, ಆ ಡೇಟಾದಲ್ಲಿ ಬಾಯಿ ಬಿಡಲು ಇನ್ನೊಂದು.

ಭಾರತದ ಸಿಮ್ಮನ್ನು ಎಸೆಯುವಂತೆಯೂ ಇಲ್ಲ. ಊರಿನ ಬ್ಯಾಂಕಿನ ಒಟಿಪಿ ಸಾಮಾನ್ಯವಾಗಿ ಆ ನಂಬರಿಗೇ ಬರುತ್ತದೆ. ಆದ್ದರಿಂದ ಎರಡು ಸಿಮ್ ಹಿಡಿಯುವ ಫೋನು ಗಲ್ಫಿನ ಕನ್ನಡಿಗನಿಗೆ ಶೋಕಿಯಲ್ಲ.

ಯುಎಇಯಲ್ಲಿ ಸಿಮ್ ನೋಂದಣಿಯನ್ನು ಬಿಗಿಗೊಳಿಸುವ ಅಭಿಯಾನ ಶುರುವಾದದ್ದು 2012ರಲ್ಲಿ. ನಿವಾಸಿಯ ನಂಬರು ಐಡಿಗೆ ಕಟ್ಟುಬಿದ್ದಿದೆ: ಐಡಿಯ ಅವಧಿ ಮುಗಿದು ದಾಖಲೆ ನವೀಕರಿಸದಿದ್ದರೆ ಲೈನು ಕಟ್ಟಾಗುತ್ತದೆ. ವೀಸಾ ನವೀಕರಿಸುವವರು ಸಿಮ್ಮಿನ ದಾಖಲೆಯನ್ನೂ ಅದೇ ವಾರ ಸರಿಪಡಿಸಿಕೊಳ್ಳುವುದು ಒಳ್ಳೆಯದು.