ಸದ್ದಿಲ್ಲದ ಡಬ್ಬಿ

ನಮ್ಮ ಮನೆಯ ಕಂಪ್ಯೂಟರಿನ ಬಟನ್ ಒತ್ತುವುದಕ್ಕೂ ಕೆರೆಗೆ ಗಾಳ ಹಾಕುವುದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಎರಡರಲ್ಲೂ ಆಮೇಲಿನ ಕೆಲಸ ಒಂದೇ, ಕೂತು ಕಾಯುವುದು. ಬೆಳಿಗ್ಗೆ ಆರೂವರೆಗೆ ಬಟನ್ ಒತ್ತಿದರೆ ಒಳಗಿನ ಹಾರ್ಡ್ ಡಿಸ್ಕು ಮೊದಲು ಕೆಮ್ಮಿ, ಆಮೇಲೆ ಗಂಟಲು ಸರಿಮಾಡಿಕೊಂಡು, ಕೊನೆಗೆ ಗುರ್ರ್ ಎಂದು ಒಂದೇ ಶ್ರುತಿ ಹಿಡಿಯುತ್ತಿತ್ತು. ಅಷ್ಟರಲ್ಲಿ ನಾನು ಹಾಲಿನ ಪ್ಯಾಕೆಟ್ ಒಳಗಿಟ್ಟು, ಪೇಪರಿನಲ್ಲಿ ನನ್ನ ರಾಶಿಫಲ ಓದಿ, ಅದು ಚೆನ್ನಾಗಿಲ್ಲದಿದ್ದರೆ ಹೆಂಡತಿಯದನ್ನೂ ಓದಿ ಮುಗಿಸುತ್ತಿದ್ದೆ. ಅಮ್ಮ ಕಾಫಿ ಲೋಟ ತಂದು ಮೇಜಿನ ಮೇಲಿಡುವ ಹೊತ್ತಿಗೆ ಪರದೆಯೂ ಕಣ್ಣು ಬಿಡುತ್ತಿತ್ತು. ಸರಿಯಾಗಿ ನಾಲ್ಕು ನಿಮಿಷ. ಹನ್ನೊಂದು ವರ್ಷ ಹೀಗೇ ನಡೆದಿತ್ತು.

"ರೀ, ಹೊಸದಾದರೂ ತಗೊಳ್ಳಿ, ಇಲ್ಲ ಇದನ್ನು ಗುಜರಿಗಾದರೂ ಹಾಕಿ" ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಎರಡೂ ಬೇಡ ಎಂದವನು ತಂಗಿಯ ಮಗ. "ಮಷೀನ್ ಚೆನ್ನಾಗೇ ಇದೆ ಮಾವ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿ ಸಾಕು. ನೀವೇ ಹಾಕ್ಬಹುದು, ಒಂದು ಸ್ಕ್ರೂಡ್ರೈವರ್ ಇದ್ರೆ ಆಯ್ತು."

ಸ್ಕ್ರೂಡ್ರೈವರ್ ನನ್ನ ಕೈಗೆ ಬಂದರೆ ಏನಾಗುತ್ತದೆಂದು ಅವನಿಗೆ ಗೊತ್ತಿಲ್ಲ. ಹಿಂದೊಮ್ಮೆ ಮಿಕ್ಸಿ ಬಿಚ್ಚಿ ಜೋಡಿಸಿದಾಗ ಎರಡು ಸ್ಕ್ರೂ ಉಳಿದುಬಿಟ್ಟವು. ಮಿಕ್ಸಿ ಅವಿಲ್ಲದೆಯೇ ತಿರುಗಿತು. ಅಮ್ಮ ಆ ಎರಡನ್ನೂ ದೇವರ ಗೂಡಿನಲ್ಲಿ, ಅಕ್ಷತೆ ಬಟ್ಟಲಿನ ಪಕ್ಕ ಇಟ್ಟಿದ್ದಾಳೆ. ಈಗಲೂ ಇವೆ.

ದುಡ್ಡು ಬಿಚ್ಚುವ ಮೊದಲು ಮನೆಯವರನ್ನು ಒಪ್ಪಿಸಬೇಕಲ್ಲ, ಅಡುಗೆಮನೆಯಲ್ಲೇ ಪಾಠ ಮಾಡಿದೆ. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳಿರುತ್ತವೆ. ನಮ್ಮದರಲ್ಲಿ ಅವು ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ಹೊಡೆಯುತ್ತವೆ. ಗ್ರಾಮಫೋನಿನ ಮುಳ್ಳಿನಂಥ ಒಂದು ಕೈ, ತಟ್ಟೆಯನ್ನು ಮುಟ್ಟದೆಯೇ, ಬೇಕಾದ ಜಾಗ ಹುಡುಕುತ್ತಾ ಆಚೀಚೆ ಓಡಾಡುತ್ತದೆ. ಒಂದು ಹುಡುಕಾಟಕ್ಕೆ ಸೆಕೆಂಡಿನ ನೂರರಲ್ಲೊಂದು ಭಾಗ ಸಾಕು. ಆದರೆ ಕಂಪ್ಯೂಟರ್ ಏಳುವಾಗ ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲಿದ ಸಾವಿರಾರು ಚಿಲ್ಲರೆ ಫೈಲು ಹುಡುಕಬೇಕು. "ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು, ಸಾಸಿವೆಗೆ ಒಂದು ಸಲ, ಕರಿಬೇವಿಗೆ ಒಂದು ಸಲ, ಇಂಗಿಗೆ ಒಂದು ಸಲ ಅಟ್ಟ ಹತ್ತಿ ಇಳಿದ ಹಾಗೆ" ಎಂದೆ. "ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಇಲ್ಲ, ಎಲ್ಲ ಚಿಪ್ಪಿನಲ್ಲಿ. ಒಗ್ಗರಣೆ ಡಬ್ಬಿ ಕೈ ಪಕ್ಕದಲ್ಲೇ ಇದ್ದ ಹಾಗೆ."

ಪಾಠ ಮುಂದುವರಿಸಿ, 1956ರಲ್ಲಿ ಐಬಿಎಂ ಕಂಪನಿ ತಂದ ಮೊಟ್ಟಮೊದಲ ಡಿಸ್ಕಿನಲ್ಲಿ ಎರಡೆರಡು ಅಡಿ ಅಗಲದ ಐವತ್ತು ತಟ್ಟೆಗಳಿದ್ದವು, ತೂಕ ಒಂದು ಟನ್ನಿನಷ್ಟು, ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ, ಅಂದರೆ ಈಗಿನ ಒಂದು ಭಾವಗೀತೆಯ ಫೈಲು ತುಂಬಿದರೆ ಮುಗಿಯಿತು ಎಂದೆ. ಹೆಂಡತಿ ಅದನ್ನು ಕೇಳಿ, "ಸದ್ಯ, ಅದನ್ನು ತರ್ತೀನಿ ಅನ್ನಲಿಲ್ಲವಲ್ಲ" ಎಂದಳು. ಒಪ್ಪಿಗೆ ಸಿಕ್ಕಿತೆಂದು ತಿಳಿದೆ.

ಎಸ್‌ಎಸ್‌ಡಿ ತರಲು ಎಸ್.ಪಿ. ರೋಡಿಗೆ ಹೋದೆ. ಪೂರ್ತಿ ಹೆಸರು ಸಾದರ್ ಪತ್ರಪ್ಪ ರಸ್ತೆ, ಹಾಗೆಂದರೆ ಆಟೋದವನೇ ನಮ್ಮನ್ನು ದಾರಿ ಕೇಳುತ್ತಾನೆ. ಅಂಗಡಿಯ ಹುಡುಗ ಅಂಗೈಯಲ್ಲಿಟ್ಟದ್ದು ಇಸ್ಪೀಟು ಕಟ್ಟಿಗಿಂತ ತೆಳ್ಳಗಿನ ಡಬ್ಬಿ, 500 ಜಿಬಿ. ಎಷ್ಟು ಹಗುರವೆಂದರೆ ಒಳಗೆ ಸಾಮಾನು ಹಾಕಲು ಮರೆತಿದ್ದಾರೇನೋ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. "ಡೇಟಾ ಕೇಬಲ್ ಬಾಕ್ಸಲ್ಲಿ ಬರಲ್ಲ ಸಾರ್, ಬೇರೆ ತಗೋಬೇಕು" ಎಂದ. ತೆಂಗಿನಕಾಯಿ ಕೊಂಡವನಿಗೆ ನೀರು ಬೇರೆ ಎಂದಂತಾಯಿತು.

ಭಾನುವಾರ ಶಸ್ತ್ರಚಿಕಿತ್ಸೆ. ಪವರ್ ಕಾರ್ಡ್ ಕಿತ್ತೆ. ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟು ಚಿಪ್ಪುಗಳನ್ನು ಸುಡಬಹುದು, ಮೊದಲು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಬೇಕು ಎಂದಿದ್ದ ಅಳಿಯ. ದೇವಸ್ಥಾನದ ಹೊಸ್ತಿಲು ಮುಟ್ಟಿದಂತೆ ಮುಟ್ಟಿದೆ. ಪಕ್ಕದ ತಗಡು ಸರಿಸಿದ ಕೂಡಲೇ ಒಂದು ಹಲ್ಲಿ ನನ್ನ ಬಲಗೈ ಹತ್ತಿ ಮೊಣಕೈ ದಾಟಿ ಹಾರಿತು. ಅಮ್ಮ ಪಂಚಾಂಗ ತೆಗೆದಳು. ಬಲಗೈಗೆ ಫಲವಿತ್ತು, ಮೊಣಕೈಗೆ ಬೇರೆ ಫಲವಿತ್ತು, ಸ್ಕ್ರೂಡ್ರೈವರ್ ಹಿಡಿದ ಕೈಗೆ ಬರೆದಿರಲಿಲ್ಲ.

ಡಿಸ್ಕಿನ ಜಾಗ ಮೂರೂವರೆ ಇಂಚಿನದು, ನಾನು ತಂದ ಡಬ್ಬಿ ಎರಡೂವರೆ ಇಂಚಿನದು. ಅಪ್ಪನ ಚಡ್ಡಿ ಕೂಸಿಗೆ ತೊಡಿಸಿದಂತೆ ಜಾರುತ್ತಿತ್ತು. ಒಳಗೆ ಅಲುಗಾಡುವಂಥದ್ದು ಏನೂ ಇಲ್ಲದ್ದರಿಂದ ಡಬಲ್ ಟೇಪ್ ಹಚ್ಚಿ ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸಿದೆ. ಆಮೇಲೆ ನೋಡಿದರೆ ಅದಕ್ಕೆ ಕರೆಂಟು ಕೊಡಲು ಖಾಲಿ ಪಿನ್ನೇ ಇಲ್ಲ. ಡಿವಿಡಿ ಡ್ರೈವಿನದನ್ನು ಕಿತ್ತು ಇದಕ್ಕೆ ಚುಚ್ಚಿದೆ.

"ಹಾಗಾದರೆ ನಮ್ಮ ಮದುವೆ ಡಿವಿಡಿ ನೋಡೋದು ಹೇಗೆ?" ಎಂದಳು ಹೆಂಡತಿ.

"ಇಷ್ಟು ವರ್ಷದಲ್ಲಿ ಎಷ್ಟು ಸಲ ನೋಡಿದ್ದೀವಿ?"

"ನೋಡಲಿಲ್ಲ ಅಂತ ಕಿತ್ತುಹಾಕೋದಾ?"

ಮಾತು ಡಿವಿಡಿಯಿಂದ ಮದುವೆಯ ಕಡೆಗೆ ತಿರುಗುವ ಲಕ್ಷಣ ಕಂಡು ಸುಮ್ಮನಾದೆ.

ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡುವ ಸಾಫ್ಟ್‌ವೇರಿಗೆ ಒಂದೂವರೆ ಗಂಟೆ ಹಿಡಿಯಿತು. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಅರ್ಧಕ್ಕೇ ಬಿಟ್ಟ ನನ್ನ ಹದಿನೇಳು ಪ್ರಬಂಧಗಳನ್ನು ಅದು ನಿಷ್ಠೆಯಿಂದ, ಅರ್ಧರ್ಧವಾಗಿಯೇ, ಆಚೆ ಸಾಗಿಸಿತು. ಕೊನೆಯಲ್ಲಿ ಹೊಸ ಡಿಸ್ಕಿನ ಅಳತೆ 465 ಜಿಬಿ ಎಂದು ತೋರಿಸಿದಾಗ ಹೆಂಡತಿ, "ಐನೂರಕ್ಕೆ ದುಡ್ಡು ಕೊಟ್ಟಿರಿ" ಎಂದು ನೆನಪಿಸಿದಳು. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಕೊಡುವವನ ಸೇರು ಬೇರೆ, ಅಳೆಯುವವನ ಸೇರು ಬೇರೆ.

ಎಲ್ಲ ಮುಗಿಸಿ ಬಟನ್ ಒತ್ತಿದೆ. ಕೆಮ್ಮಿತು. ಗುರ್ರ್ ಎಂದಿತು. ಅಮ್ಮ ಕಾಫಿ ತಂದಳು, ಪರದೆ ಬಂತು. ನಾಲ್ಕು ನಿಮಿಷ! ಮೂರು ಸಾವಿರ ಚಿಲ್ಲರೆ ರೂಪಾಯಿ ನೀರಿಗೆ ಬಿತ್ತೆಂದು ಅಳಿಯನಿಗೆ ಫೋನು ಮಾಡಿ ಕೂಗಾಡಿದೆ. ಅವನು ಸಾವಧಾನವಾಗಿ, "ಮಾವ, ಅದು ಹಳೇ ಡಿಸ್ಕಿಂದಲೇ ಏಳ್ತಾ ಇದೆ. ಹಳೇದರ ಕೇಬಲ್ ಕಿತ್ತು ನೋಡಿ" ಎಂದ.

ಕಿತ್ತು ಮತ್ತೆ ಒತ್ತಿದೆ. ಕೆಮ್ಮಿಲ್ಲ, ಗೊಣಗಿಲ್ಲ. ಸತ್ತೇ ಹೋಯಿತೆಂದು ಬಗ್ಗಿ ಕ್ಯಾಬಿನೆಟ್ಟಿಗೆ ಕಿವಿಗೊಟ್ಟೆ. ತಲೆಯೆತ್ತಿದರೆ ಪರದೆ ಆಗಲೇ ಎದ್ದು ನನ್ನನ್ನೇ ನೋಡುತ್ತಿದೆ. ಇನ್ನೊಮ್ಮೆ ಗಡಿಯಾರ ಹಿಡಿದು ನೋಡಿದೆ, ಹದಿನೆಂಟು ಸೆಕೆಂಡು.

ಸೋಮವಾರ ಕಾಫಿ ಬರಲಿಲ್ಲ. ಮಂಗಳವಾರವೂ ಇಲ್ಲ. ಹಲ್ಲಿಯ ಫಲ ಇದೇ ಇರಬೇಕೆಂದುಕೊಂಡೆ. ಬುಧವಾರ ಅಡುಗೆಮನೆಗೇ ಹೋಗಿ ಕೇಳಿದೆ.

"ನೀನು ಕಂಪ್ಯೂಟರ್ ಹಾಕಿದ್ದೇ ಗೊತ್ತಾಗಲಿಲ್ಲ ಕಣೋ" ಎಂದಳು ಅಮ್ಮ. "ಅದು ಗುರ್ ಅಂದಮೇಲಲ್ವಾ ನಾನು ಹಾಲು ಒಲೆ ಮೇಲಿಡ್ತಿದ್ದದ್ದು?"

ಹನ್ನೊಂದು ವರ್ಷ ನಾನು ಬೈದ ಸದ್ದು ಅಡುಗೆಮನೆಗೆ ಕರೆಗಂಟೆಯಾಗಿತ್ತು. ಆ ಸಂಜೆಯೇ ತಗಡು ಸರಿಸಿ ಹಳೆಯ ಡಿಸ್ಕಿನ ಕೇಬಲ್ಲನ್ನು ಮತ್ತೆ ಚುಚ್ಚಿ, ಬಯಾಸ್‌ಗೆ ಹೋಗಿ, ಏಳುವುದು ಮಾತ್ರ ಹೊಸದರಿಂದ ಎಂದು ಕಟ್ಟಪ್ಪಣೆ ಮಾಡಿದೆ. ಅಳಿಯನಿಗೆ, ಬ್ಯಾಕಪ್‌ಗಿರಲಿ ಅಂತ ಹಾಕಿದೆ ಎಂದೆ. "ಒಳ್ಳೇ ಯೋಚನೆ ಮಾವ" ಎಂದು ಮೆಚ್ಚಿಕೊಂಡ.

ಗುರುವಾರ ಆರೂವರೆಗೆ ಬಟನ್ ಒತ್ತಿದೆ. ಹಳೆಯ ಡಿಸ್ಕು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ತನ್ನ ಶ್ರುತಿ ಹಿಡಿಯಿತು. ಹದಿನೆಂಟು ಸೆಕೆಂಡಿಗೆ ಪರದೆ ಬಂತು. ಅರ್ಧಕ್ಕೆ ನಿಂತ ಹದಿನೇಳನೆಯ ಪ್ರಬಂಧ ತೆರೆದುಕೊಂಡಿತು. ನಾನು ಪೇಪರು ಬಿಡಿಸಿದೆ. ಒಳಗೆ ಹಾಲು ಕಾಯುತ್ತಿತ್ತು, ಹೊರಗೆ ನಾನೂ ಕಾಯುತ್ತಿದ್ದೆ.